ಮಾವನ ಪಂಚೆ ಮುಂದೆ ಕಟ್ಟಿದ ಕರಿ ದಾರ

ನಾನು ಮದುವೆ ಫೋಟೋ ತೆಗೆಯೋನು, ಸೈನ್ಸ್ ಓದಿದ್ದು ಪಿಯುಸಿವರೆಗೆ ಅಷ್ಟೇ. ಚಂದ್ರನ ಮೇಲೆ ಯಾರೂ ಕಾಲಿಟ್ಟೇ ಇಲ್ಲ, ಎಲ್ಲಾ ಸ್ಟುಡಿಯೋ ಶೂಟಿಂಗ್ ಅನ್ನೋ ಜಗಳಕ್ಕೆ ನಾನು ಬಿದ್ದಿದ್ದು ನಮ್ಮ ಮಾವನಿಂದ. ತಿಪಟೂರು ಕಡೆ ತೆಂಗಿನ ತೋಟ ಅವರದ್ದು, ರಾತ್ರಿ ಊಟ ಆಗಿ ವಾಟ್ಸಾಪ್ ತೆಗೆದ್ರೆ ಮುಗೀತು. "ಏನಪ್ಪಾ, ಅಲ್ಲಿ ಗಾಳಿ ಇಲ್ಲ ಮೋಡ ಇಲ್ಲ, ಫೋಟೋದಲ್ಲಿ ಒಂದ್ ನಕ್ಷತ್ರನೂ ಇಲ್ವಲ್ಲೋ, ಕ್ಯಾಮೆರಾ ಹಿಡಿಯೋನು ನೀನೇ ಹೇಳು."

ಮೊದಲು ನಾನೇ ಎಡವಟ್ಟು ಮಾಡ್ಕೊಂಡೆ. ಜಂಬದಲ್ಲಿ "ಟೆಲಿಸ್ಕೋಪ್ ತರ್ತೀನಿ ಮಾವ, ಅಮೆರಿಕದೋರು ಅಲ್ಲಿ ನೆಟ್ಟಿರೋ ಬಾವುಟನೇ ತೋರಿಸ್ತೀನಿ" ಅಂದ್ಬಿಟ್ಟೆ. ಫ್ರೆಂಡ್ ಹತ್ರ ಈಸ್ಕೊಂಡು ಬಂದು ನೋಡಿದ್ರೆ ಬರೀ ಗುಂಡಿಗಳು. ಮಾವ ಒಂದು ವಾರ ನಕ್ಕರು. ಆಮೇಲೆ ಲೆಕ್ಕ ಹಾಕಿದೆ, ಅಲ್ಲಿ ಬಿಟ್ಟು ಬಂದಿರೋ ಲ್ಯಾಂಡರ್ ಕಾಲು ಚಾಚಿ ನಿಂತ್ರೂ 9 ಮೀಟರ್ ಚಿಲ್ಲರೆ, ದೂರ ಸುಮಾರು 3,84,000 ಕಿ.ಮೀ., ಬಾಹ್ಯಾಕಾಶದಲ್ಲಿರೋ ಹಬಲ್ ಟೆಲಿಸ್ಕೋಪ್‌ಗೇ ಕಾಣಲ್ಲ ಅಂದ್ಮೇಲೆ ನಮ್ಮ ಡಬ್ಬಾಗೆ ಎಲ್ಲಿಂದ ಕಾಣ್ಬೇಕು!

ಸರಿ, ನಂಗೆ ಬರೋ ಕೆಲಸದಲ್ಲೇ ತೋರಿಸೋಣ ಅಂತ ಅಮಾವಾಸ್ಯೆ ಹತ್ರ ಒಂದ್ ರಾತ್ರಿ ಮಾವನ್ನ ಅವರ ಮನೆ ತಾರಸಿ ಮೇಲೆ ಬಿಳಿ ಪಂಚೆ ಬಿಳಿ ಶರ್ಟಲ್ಲೇ ನಿಲ್ಲಿಸಿ ಮದುವೆಗೆ ಹಾಕೋ ದೊಡ್ಡ ಲೈಟ್ ಬಿಟ್ಟೆ. ತಲೆ ಮೇಲೆ ನಕ್ಷತ್ರ ತುಂಬಿತ್ತು. 1/125 ಸೆಕೆಂಡಲ್ಲಿ ಹೊಡೆದೆ, ಮಾವ ಮೀಸೆ ಸಮೇತ ಚೆನ್ನಾಗಿ ಬಂದ್ರು, ಆಕಾಶ ಮಾತ್ರ ಕಪ್ಪು ಕಂಬಳಿ. ಆಮೇಲೆ ಶಟರ್ 15 ಸೆಕೆಂಡ್ ತೆಗೆದಿಟ್ಟೆ, ನಕ್ಷತ್ರ ಬಂದ್ವು, ಮಾವ ಬಿಳಿ ದೆವ್ವ ಆಗಿಹೋದ್ರು. ಚಂದ್ರನ ಮೇಲೆ ಇಳಿದವರು ಫೋಟೋ ತೆಗೆದಿದ್ದು ಹಗಲಲ್ಲಿ, ಸುಡೋ ಬಿಸಿಲಲ್ಲಿ, ಬಿಳಿ ಸೂಟು ಹಾಕ್ಕೊಂಡು, ಹೆಚ್ಚುಕಮ್ಮಿ 1/250 ಸೆಕೆಂಡಲ್ಲಿ, ನಕ್ಷತ್ರ ಹೇಗೆ ಬೀಳುತ್ತೆ?

ಇನ್ನೊಂದಿತ್ತು, ಇದು ನಂಗೆ ಭಾರಿ ಇಷ್ಟ. ಆ ಫೋಟೋಗಳಲ್ಲಿ ಸಣ್ಣ ಸಣ್ಣ ಪ್ಲಸ್ ಗುರುತು ಇರುತ್ತಲ್ಲ, ಹ್ಯಾಸಲ್‌ಬ್ಲಾಡ್ ಕ್ಯಾಮೆರಾ ಒಳಗೆ ಫಿಲ್ಮ್ ಮುಂದಿದ್ದ ಗಾಜಿನ ಗುರುತು ಅದು, ಕೆಲವು ಕಡೆ ಆ ಗೆರೆ ವಸ್ತುವಿನ ಹಿಂದೆ ಹೋದಂಗೆ ಕಾಣುತ್ತೆ, ಹಂಗಾಗಿ ಕಟ್ ಮಾಡಿ ಅಂಟಿಸಿದ್ದು ಅಂತ ವಾದ. ಹಗಲಲ್ಲಿ ಬೂದು ಗೋಡೆಗೆ ಮಾವನ್ನ ಒರಗಿಸಿ, ಪಂಚೆ ಮುಂದೆ ತೆಳು ಕರಿ ದಾರ ಈ ಕಡೆಯಿಂದ ಆ ಕಡೆಗೆ ಬಿಗಿಯಾಗಿ ಎಳೆದು ಕಟ್ಟಿದೆ. ಬೇಕಂತಲೇ ಎಕ್ಸ್‌ಪೋಶರ್ ಜಾಸ್ತಿ ಮಾಡಿದೆ, ಅಂದ್ರೆ ಕ್ಯಾಮೆರಾ ಒಳಗೆ ಬೆಳಕು ಜಾಸ್ತಿ ಬಿಟ್ಟೆ. ಗೋಡೆ ಮೇಲೆ ದಾರ ನೀಟಾಗಿದೆ, ಪಂಚೆ ಬಂದ ಕಡೆ ಮಾಯ, ಬಿಳಿ ಬೆಳಕು ನುಂಗಿಬಿಟ್ಟಿದೆ, ನೋಡಿದ್ರೆ ದಾರ ಮಾವನ ಬೆನ್ನ ಹಿಂದೆ ಹೋದಂಗೇ! ಮಾವ ಫೋಟೋ ಜೂಮ್ ಮಾಡ್ತಾರೆ, ದಾರ ಮುಟ್ಟಿ ನೋಡ್ತಾರೆ, ಮತ್ತೆ ಜೂಮ್ ಮಾಡ್ತಾರೆ.

ಆ ಫೋಟೋಗಳಲ್ಲಿ ನೆರಳು ಅಡ್ಡಾದಿಡ್ಡಿ ಬಿದ್ದಿದೆ, ಹಂಗಾಗಿ ಸ್ಟುಡಿಯೋ ಲೈಟೇ ಅನ್ನೋದಕ್ಕೆ ನಾನೇನೂ ಮಾಡ್ಲಿಲ್ಲ, ಬೆಳಿಗ್ಗೆ ತೋಟದ ಬದು ಮೇಲೆ ನಿಂತ್ರೆ ಸಾಕು, ಒಂದೇ ಸೂರ್ಯ ಆದ್ರೂ ಹಳ್ಳಕ್ಕೆ ಬಿದ್ದ ತೆಂಗಿನ ನೆರಳೇ ಬೇರೆ ದಿಕ್ಕಿಗೆ ಬಾಗಿರುತ್ತೆ. ಗಾಳಿ ಇಲ್ದೇ ಬಾವುಟ ಹಾರಾಡಿದ್ದು ಹೇಗೆ ಅಂತಾರೆ, ಅದು ಹಾರಾಡಿದ್ದೂ ಅಲ್ಲ, ಮೇಲ್ಗಡೆ ಅಡ್ಡ ಕೋಲಿತ್ತು, ಮನುಷ್ಯರು ಮೊದಲ ಸಲ ಚಂದ್ರನ ಮೇಲೆ ಇಳಿದ ಅಪೋಲೋ 11ರಲ್ಲಿ ಅದು ಪೂರ್ತಿ ಎಳೆಯೋಕೆ ಬರ್ಲಿಲ್ಲ, ಸುಕ್ಕು ಉಳೀತು.

ಇಷ್ಟಾದ್ರೂ ಮಾವ "ಎಲ್ಲಾ ಅಮೆರಿಕದೋರು ಹೇಳಿದ್ದೇ ತಾನೇ" ಅಂದ್ರು. ಆಗ ಚಂದ್ರಯಾನ-2 ಆರ್ಬಿಟರ್ 2021ರಲ್ಲಿ ಸುಮಾರು 100 ಕಿ.ಮೀ. ಎತ್ತರದಿಂದ ತೆಗೆದ ಅಪೋಲೋ 11ರ ಜಾಗದ ಫೋಟೋ ತೋರಿಸಿದೆ. ಬೂದು ನೆಲದಲ್ಲಿ ಒಂದು ಬಿಳಿ ಚುಕ್ಕೆ, ಅದೇ ಬಿಟ್ಟು ಬಂದ ಲ್ಯಾಂಡರ್, ಪಕ್ಕದಲ್ಲಿ ನೆರಳು. ಸುಮಾರು ಹೊತ್ತು ನೋಡಿ "ಇದು ನಮ್ಮೋರು ತೆಗೆದಿದ್ದಾ?" ಅಂದ್ರು, ಅಷ್ಟೇ.

ಮಾರನೇ ದಿನ ಆ ದಾರದ ಫೋಟೋನ ಅವರೇ ಗ್ರೂಪಿಗೆ ಹಾಕಿದ್ರಂತೆ. ಅಲ್ಲಿ ಯಾರೋ "ಯಜಮಾನ್ರೇ, ಇದು ಎಡಿಟಿಂಗ್" ಅಂದಿದ್ದಾರೆ. ಬೆಳಿಗ್ಗೆ ಆರು ಗಂಟೆಗೆ ಮಾವನ ಫೋನು, "ಲೇ, ಒರಿಜಿನಲ್ ಫೈಲ್ ಕಳ್ಸೋ, ಅಲ್ಲಿ ನಿಂತಿದ್ದೋನು ನಾನು ಕಣೋ!"