ಎತ್ತರದಲ್ಲಿ ವಂಶದ ಪಾಲೆಷ್ಟು? ಟೇಪು ಹಿಡಿದು ನೀವೇ ಲೆಕ್ಕ ಹಾಕಿ

ಮಗ ಉದ್ದ ಬೆಳೆದರೆ "ನಮ್ಮ ಕಡೆಯವರ ಹಾಗೆ" ಎನ್ನುತ್ತೇವೆ. ಕುಳ್ಳಗೆ ಉಳಿದರೆ ಬೀಗರ ಕಡೆ ಬೆರಳು ತೋರಿಸುತ್ತೇವೆ. ಈ ಮಾತಿನಲ್ಲಿ ನಿಜ ಎಷ್ಟಿದೆ ಅಂತ ಅಳೆದು ನೋಡಬಹುದು. ಲ್ಯಾಬ್ ಬೇಕಿಲ್ಲ. ಒಂದು ಟೇಪು, ಒಂದು ದಪ್ಪ ರಟ್ಟಿನ ಪುಸ್ತಕ, ಒಂದು ಸ್ಪ್ರೆಡ್‌ಶೀಟ್, ಒಂದಷ್ಟು ಕುಟುಂಬಗಳು ಸಾಕು.

ರಕ್ತದ ಗುಂಪಿನ ಹಾಗೆ ಒಂದೇ ಜೀನ್ ನೋಡಿ ಎತ್ತರ ಹೇಳಲು ಆಗುವುದಿಲ್ಲ. ಎತ್ತರ, ಬಿಪಿ, ಶುಗರ್, ರಾಗಿಯ ಇಳುವರಿ, ಇವೆಲ್ಲದರ ಹಿಂದೆ ಡಿಎನ್‌ಎಯ ನೂರಾರು, ಸಾವಿರಾರು ಜಾಗಗಳು ಇರುತ್ತವೆ. ಒಂದೊಂದರ ಕೆಲಸವೂ ಚೂರೇ ಚೂರು. ಅದರ ಮೇಲೆ ಊಟ, ಕಾಯಿಲೆ, ಆರೈಕೆ ಬೇರೆ. ಇಂಥ ಕಡೆ ಕೈ ಹಿಡಿಯುವುದು ಸಂಖ್ಯಾಶಾಸ್ತ್ರ.

ಹಂತ 1: ಕುಟುಂಬಗಳನ್ನು ಸೇರಿಸಿ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಇದು ಕಷ್ಟವಲ್ಲ. ಅಸೋಸಿಯೇಷನ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ. ಮಕ್ಕಳ ಬೆಳವಣಿಗೆ ಮುಗಿದಿರಬೇಕು. ಹುಡುಗಿಯರಿಗೆ 18, ಹುಡುಗರಿಗೆ 20 ದಾಟಿದ್ದರೆ ಒಳ್ಳೆಯದು. ಅಪ್ಪ, ಅಮ್ಮ, ಮಗು ಮೂವರೂ ಸಿಗಬೇಕು. ಹೆತ್ತ ಮಕ್ಕಳ ಅಳತೆ ಮಾತ್ರ ಬೇಕು ಅಂತ ಮೆಸೇಜ್‌ನಲ್ಲೇ ಹೇಳಿಬಿಡಿ. ಆಮೇಲೆ ಯಾರಾದರೂ ಬರದಿದ್ದರೆ ಯಾಕೆ ಅಂತ ಕೇಳಲು ಹೋಗಬೇಡಿ. ಶೀಟ್‌ನಲ್ಲಿ ಹೆಸರು, ಫ್ಲ್ಯಾಟ್ ನಂಬರ್ ಬರೆಯುವುದೂ ಬೇಡ.

ಎಷ್ಟು ಕುಟುಂಬ ಬೇಕು? 50 ಇದ್ದರೆ ಶುರು ಮಾಡಬಹುದು. 200 ಸಿಕ್ಕರೆ ಉತ್ತರವನ್ನು ನಂಬಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 2: ಅಳೆಯಿರಿ, ಕೇಳಬೇಡಿ

ಬಾಯಲ್ಲಿ ಕೇಳಿದರೆ ಐದು ಮುಕ್ಕಾಲಡಿ ಇರುವ ಗಂಡಸರೂ ಸುಮ್ನೆ ಆರಡಿ ಅಂದುಬಿಡುತ್ತಾರೆ. ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ. ತುರುಬು ಇದ್ದರೆ ಬಿಚ್ಚಿಸಿ. ತಲೆಯ ಮೇಲೆ ಪುಸ್ತಕವನ್ನು ಗೋಡೆಗೆ ನೇರವಾಗಿ ಒತ್ತಿ ಹಿಡಿದು, ಅದರ ತಳಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಎಲ್ಲರನ್ನೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಅದುಮಿ, ಸಂಜೆ ಹೊತ್ತಿಗೆ ನಾವು ಸುಮಾರು ಒಂದು ಸೆಂ.ಮೀ. ಕುಗ್ಗಿರುತ್ತೇವೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ತಂದೆತಾಯಿಯ ಅಳತೆಯಲ್ಲಿ ತಪ್ಪು ಜಾಸ್ತಿಯಾದಷ್ಟೂ ಕೊನೆಯ ಉತ್ತರ ಕಡಿಮೆ ಬರುತ್ತದೆ. ವಂಶದ ಪಾಲು ಇಲ್ಲವೇ ಇಲ್ಲ ಅನ್ನಿಸುವಷ್ಟು ಕೂಡ.

ಹಂತ 3: ಗಂಡು ಹೆಣ್ಣಿನ ಲೆಕ್ಕ ಸರಿ ಮಾಡಿ

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ತಂದೆತಾಯಿ ಜೋಡಿಗಳು, ಅವರ 928 ಬೆಳೆದ ಮಕ್ಕಳ ಎತ್ತರ ಇಟ್ಟುಕೊಂಡು ಇದೇ ಲೆಕ್ಕ ಮಾಡಿದ್ದ. ಹೆಂಗಸರ ಎತ್ತರವನ್ನೆಲ್ಲ 1.08ರಿಂದ ಗುಣಿಸಿದ. ನೀವೂ ಹಾಗೇ ಮಾಡಿ. ಅಮ್ಮ 155 ಸೆಂ.ಮೀ. ಇದ್ದರೆ 167.4 ಆಯಿತು. ಅಪ್ಪ 168 ಇದ್ದರೆ ಇಬ್ಬರ ಸರಾಸರಿ 167.7. ಮಗಳು 158 ಇದ್ದರೆ ಅವಳದು 170.6. ನಿಮ್ಮದೇ ಗುಂಪಿನ ಗಂಡಸರ ಸರಾಸರಿಯನ್ನು ಹೆಂಗಸರ ಸರಾಸರಿಯಿಂದ ಭಾಗಿಸಿ ಆ ಸಂಖ್ಯೆಯನ್ನೇ ಬಳಸಿದರೆ ಇನ್ನೂ ಚೆಂದ.

ಹಂತ 4: ಗೆರೆ ಎಳೆಯಿರಿ

ಎ ಕಾಲಂನಲ್ಲಿ ತಂದೆತಾಯಿಯ ಸರಾಸರಿ, ಬಿ ಕಾಲಂನಲ್ಲಿ ಮಗುವಿನ ಎತ್ತರ. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಅವರ ಸರಾಸರಿ ತೆಗೆದು ಒಂದೇ ಸಾಲಿನಲ್ಲಿ ಬರೆಯಿರಿ. ಎರಡೂ ಕಾಲಂ ಆಯ್ದು ಸ್ಕ್ಯಾಟರ್ ಚಾರ್ಟ್ ಹಾಕಿ, ಟ್ರೆಂಡ್‌ಲೈನ್ ಸೇರಿಸಿ, ಸಮೀಕರಣ ತೋರಿಸು ಅಂತ ಕೊಡಿ. ಎಕ್ಸ್ ಅಕ್ಷರದ ಎಡಕ್ಕೆ ಅಂಟಿಕೊಂಡು ಒಂದು ಸಂಖ್ಯೆ ಬರುತ್ತದಲ್ಲ, ಅದೇ ಗೆರೆಯ ಇಳಿಜಾರು. ಅದನ್ನೇ ಹೆರಿಟಬಿಲಿಟಿ (ಎತ್ತರದ ವ್ಯತ್ಯಾಸದಲ್ಲಿ ವಂಶದ ಪಾಲು) ಅಂದುಕೊಂಡು ಶುರು ಮಾಡೋಣ.

ಗಾಲ್ಟನ್‌ಗೆ ಸಿಕ್ಕಿದ್ದು ಸುಮಾರು ಮೂರರಲ್ಲಿ ಎರಡು ಪಾಲು. ನಿಮಗೆ 0.7 ಬಂತು ಅಂದುಕೊಳ್ಳಿ. ತಂದೆತಾಯಿ ತಮ್ಮ ತಲೆಮಾರಿನ ಸರಾಸರಿಗಿಂತ 10 ಸೆಂ.ಮೀ. ಉದ್ದವಿದ್ದರೆ, ಅಂಥವರ ಮಕ್ಕಳು ತಮ್ಮ ತಲೆಮಾರಿನ ಸರಾಸರಿಗಿಂತ 7 ಸೆಂ.ಮೀ.ನಷ್ಟು ಉದ್ದ ಇರುತ್ತಾರೆ ಅಂತ ಅರ್ಥ. 50 ಕುಟುಂಬಗಳಿಂದ ಬಂದ 0.7 ಆದರೆ ನಿಜವಾದ ಸಂಖ್ಯೆ ಹೆಚ್ಚುಕಡಿಮೆ 0.35ರಿಂದ 1ರವರೆಗೆ ಎಲ್ಲಿ ಬೇಕಾದರೂ ಇರಬಹುದು. 200 ಕುಟುಂಬಗಳಾದರೆ 0.53ರಿಂದ 0.87. ಅದಕ್ಕೇ 200 ಅಂದದ್ದು.

ಅಪ್ಪನ ಅಳತೆ ಮಾತ್ರ ಸಿಕ್ಕರೆ? ಇಳಿಜಾರನ್ನು ಎರಡರಿಂದ ಗುಣಿಸಬೇಕು ಎನ್ನುತ್ತದೆ ಸೂತ್ರ. ಆದರೆ ನಮ್ಮಲ್ಲಿ ಹೆಣ್ಣು ಗಂಡು ನೋಡುವಾಗಲೇ ಎತ್ತರ ಜೋಡಿ ಆಗುತ್ತದಾ ಅಂತ ನೋಡುತ್ತಾರೆ, ಅಲ್ವಾ? ಉದ್ದದವರಿಗೆ ಉದ್ದದವರೇ ಗಂಟುಬಿದ್ದಾಗ ಈ ದುಪ್ಪಟ್ಟು ಲೆಕ್ಕ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಬ್ಬರ ಸರಾಸರಿ ಹಿಡಿದರೆ ಆ ತಾಪತ್ರಯ ಇಲ್ಲ.

ಹಂತ 5: ಉತ್ತರವನ್ನು ತಪ್ಪು ಓದಬೇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹಂತ ಇದೇ. 0.7 ಅಂದರೆ ನಿಮ್ಮ 170 ಸೆಂ.ಮೀ.ನಲ್ಲಿ 119 ಸೆಂ.ಮೀ. ಜೀನ್ ಕೊಟ್ಟದ್ದು, ಉಳಿದದ್ದು ಹಾಲು ಮೊಟ್ಟೆ ಕೊಟ್ಟದ್ದು ಅಂತಲ್ಲ. ಆ ಸಂಖ್ಯೆ ಒಬ್ಬ ವ್ಯಕ್ತಿಯದ್ದೇ ಅಲ್ಲ. ಆ ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ವಂಶದ ಪಾಲು ಎಷ್ಟು ಅಂತ ಅದು ಹೇಳುತ್ತದೆ. ಪೌಷ್ಟಿಕ ಊಟ ಸಿಕ್ಕು ಎಲ್ಲ ಮಕ್ಕಳೂ ಅಪ್ಪ ಅಮ್ಮನಿಗಿಂತ ಐದು ಸೆಂ.ಮೀ. ಉದ್ದ ಬೆಳೆದರೂ ಇಳಿಜಾರು ಅಲುಗುವುದಿಲ್ಲ. ಗೆರೆ ಇಡಿಯಾಗಿ ಮೇಲಕ್ಕೆ ಸರಿಯುತ್ತದೆ, ಅಷ್ಟೇ.

ಇನ್ನೊಂದು ತೊಡಕಿದೆ. ಅಪ್ಪ ಅಮ್ಮ ಕೊಡುವುದು ಜೀನ್ ಮಾತ್ರವಲ್ಲ, ಅಡುಗೆಮನೆಯನ್ನೂ ಕೊಡುತ್ತಾರೆ. ಎರಡನ್ನೂ ಬೇರ್ಪಡಿಸಲು ಅವಳಿಗಳ ಲೆಕ್ಕ ಬಂತು. ತದ್ರೂಪಿ ಅವಳಿಗಳ ನಡುವೆ ಎತ್ತರದ ಹೋಲಿಕೆ (ಪೂರ್ತಿ ಒಂದೇ ಆದರೆ 1) 0.9, ಸಾಮಾನ್ಯ ಅವಳಿಗಳ ಹೋಲಿಕೆ 0.5 ಇದ್ದರೆ, ವ್ಯತ್ಯಾಸ 0.4ರ ದುಪ್ಪಟ್ಟು, ಅಂದರೆ 0.8. ಹೊಟ್ಟೆತುಂಬ ಊಟ ಸಿಗುವ ದೇಶಗಳಲ್ಲಿ ಎತ್ತರಕ್ಕೆ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ.

ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಬೆಳೆಗಳ ತಳಿ ಅಭಿವೃದ್ಧಿ ಮಾಡುವವರಿಗೆ ಈ ಸಂಖ್ಯೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಆರಿಸಿದ ಗಿಡಗಳು ಸರಾಸರಿಗಿಂತ 10 ಗ್ರಾಂ ಜಾಸ್ತಿ ಕಾಳು ಕೊಟ್ಟು, ಹೆರಿಟಬಿಲಿಟಿ 0.4 ಇದ್ದರೆ, ಮುಂದಿನ ಪೀಳಿಗೆಯಲ್ಲಿ ನಿರೀಕ್ಷಿಸಬಹುದಾದದ್ದು 4 ಗ್ರಾಂ.

ಹಂತ 6: "ಜೀನ್ ಪತ್ತೆ" ಸುದ್ದಿಗೂ ಇದೇ ಗೆರೆ

ಡಿಎನ್‌ಎಯ ಒಂದು ಜಾಗದಲ್ಲಿ ನಿಮ್ಮ ಬಳಿ ಒಂದು ಅಕ್ಷರದ ಪ್ರತಿಗಳು ಸೊನ್ನೆ, ಒಂದು ಅಥವಾ ಎರಡು ಇರುತ್ತವೆ. ಅದನ್ನು ಅಡ್ಡ ಅಕ್ಷಕ್ಕೆ ಹಾಕಿ, ಎತ್ತರವನ್ನು ಲಂಬ ಅಕ್ಷಕ್ಕೆ ಹಾಕಿ ಸಂಶೋಧಕರು ಗೆರೆ ಎಳೆಯುತ್ತಾರೆ. ಹೀಗೆ ಲಕ್ಷಾಂತರ ಜಾಗಗಳಿಗೆ. 10 ಲಕ್ಷ ಸಲ ಪರೀಕ್ಷೆ ಮಾಡಿ, ನೂರಕ್ಕೆ ಐದು ಸಲ ಆಕಸ್ಮಿಕವಾಗಿ ಕಾಣುವುದನ್ನೂ ಒಪ್ಪುವ ಎಂದಿನ ಮಿತಿ ಇಟ್ಟರೆ, ಏನೂ ಇಲ್ಲದಿದ್ದರೂ 50,000 ಜೀನ್ "ಸಿಕ್ಕಿಬಿಡುತ್ತವೆ". ಅದಕ್ಕೇ ಈ ಕ್ಷೇತ್ರದವರು 2 ಕೋಟಿಯಲ್ಲಿ ಒಂದು ಎನ್ನುವ ಮಿತಿ ಇಟ್ಟುಕೊಂಡಿದ್ದಾರೆ. 2022ರಲ್ಲಿ ಬಂದ ಎತ್ತರದ ಅಧ್ಯಯನದಲ್ಲಿ ಸುಮಾರು 54 ಲಕ್ಷ ಜನರಿದ್ದರು. ಎತ್ತರದ ಜೊತೆ ನಂಟಿರುವ ಡಿಎನ್‌ಎ ಗುರುತುಗಳು ಸಿಕ್ಕಿದ್ದು 12,111.

ಮಿತಿ ದಾಟಿದ ಮೇಲೂ ಮೋಸ ಹೋಗಬಹುದು. ಬೆಂಗಳೂರಿನಲ್ಲೇ ಒಂದು ಕಾಲ್ಪನಿಕ ಸರ್ವೆ ಮಾಡೋಣ. ವಾರಕ್ಕೆ ಎಷ್ಟು ಸಲ ಮುದ್ದೆ ಉಣ್ಣುತ್ತೀರಿ ಅಂತ ಕೇಳಿ, ಡಿಎನ್‌ಎ ತೆಗೆದುಕೊಳ್ಳಿ. ಮಂಡ್ಯ, ಕೋಲಾರದ ಕಡೆಯಿಂದ ಬಂದವರು ಮುದ್ದೆ ಅನ್ನುತ್ತಾರೆ. ಕಲಬುರಗಿ, ವಿಜಯಪುರದವರು ಜೋಳದ ರೊಟ್ಟಿ ಬಿಡುವುದಿಲ್ಲ. ಈ ಗುಂಪುಗಳ ನಡುವೆ ಯಾವ ಗುರುತು ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಅದು "ಮುದ್ದೆ ಜೀನ್" ಅಂತ ಎದ್ದು ಕಾಣುತ್ತದೆ. ನಾಲಿಗೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಒಳಗೊಳಗೇ ಮದುವೆಯಾಗುವ ನಮ್ಮ ದೇಶದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಡಿಎನ್‌ಎಯಿಂದಲೇ ಜನರ ಮೂಲದ ವ್ಯತ್ಯಾಸ ಲೆಕ್ಕ ಹಾಕಿ ಅದನ್ನು ಕಳೆಯುವುದು ಒಂದು ದಾರಿ. ಒಡಹುಟ್ಟಿದವರನ್ನೇ ಒಬ್ಬರಿಗೊಬ್ಬರು ಹೋಲಿಸುವುದು ಇನ್ನೂ ಗಟ್ಟಿಯಾದ ದಾರಿ. ನಿಮ್ಮ ಅಪಾರ್ಟ್‌ಮೆಂಟ್ ಲೆಕ್ಕದಲ್ಲೂ ಪಂಜಾಬಿನವರು, ಇಲ್ಲಿಯವರು ಬೆರೆತಿದ್ದರೆ ಬೇರೆ ಬೇರೆ ಚಾರ್ಟ್ ಹಾಕಿ ನೋಡಿ.

ಆ 12,111 ಗುರುತುಗಳ ಸುತ್ತಲಿನ ಜಾಗಗಳು ಯುರೋಪ್ ಮೂಲದವರ ಎತ್ತರದ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 40 ಪಾಲನ್ನು ವಿವರಿಸುತ್ತವೆ, ಉಳಿದವರಲ್ಲಿ 10ರಿಂದ 20 ಮಾತ್ರ. ಮನೆಗೆ ಕಿಟ್ ಕಳಿಸಿ ಜೀನ್ ಸ್ಕೋರ್ ಕೊಡುವವರನ್ನು, ಯಾವ ದೇಶದ ಜನರ ಡೇಟಾ ಮೇಲೆ ಮಾಡಿದ್ದು ಅಂತ ಕೇಳಿಯೇ ದುಡ್ಡು ಕೊಡಿ.

ಇನ್ನೂ ಮುಂದೆ ಹೋಗುವವರಿಗೆ

ಡಿಎನ್‌ಎ ಡೇಟಾದ ಲೆಕ್ಕ ಮಾಡುವ ಪ್ಲಿಂಕ್ ಎನ್ನುವ ಉಚಿತ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಹಲವು ದೇಶಗಳ ಜನರ ಜೀನೋಮ್ (ಇಡೀ ಡಿಎನ್‌ಎ) ಓದಿದ ಥೌಸಂಡ್ ಜೀನೋಮ್ಸ್ ಯೋಜನೆಯ ಡೇಟಾ ಎಲ್ಲರಿಗೂ ತೆರೆದಿದೆ. ಅದರ ಮೂರನೇ ಹಂತದಲ್ಲಿ 26 ಗುಂಪುಗಳ 2,504 ಜನರಿದ್ದಾರೆ. ತೆಲುಗರು, ತಮಿಳರು, ಗುಜರಾತಿಗಳು ಸಿಗುತ್ತಾರೆ, ಕನ್ನಡಿಗರ ಗುಂಪು ಇಲ್ಲ. ಎತ್ತರ, ಶುಗರ್‌ನಂಥ ಮಾಹಿತಿಯೂ ಅದರಲ್ಲಿಲ್ಲ. ಮೂಲದ ನಕ್ಷೆ ಬಿಡಿಸಿ ಕಲಿಯಲು ಧಾರಾಳ ಸಾಕು. ನಮ್ಮದೇ ಜನರ ಡೇಟಾ ಜೀನೋಮ್‌ಇಂಡಿಯಾ ಯೋಜನೆಯಲ್ಲಿದೆ. ಅದನ್ನು ಮುನ್ನಡೆಸಿದ್ದು ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಅದರಲ್ಲಿದ್ದು, 2025ರ ಜನವರಿಯಿಂದ ಸಂಶೋಧಕರಿಗೆ ಸಿಗುತ್ತಿದೆ. ಸಂಗ್ರಹ ಫರೀದಾಬಾದಿನಲ್ಲಿದೆ. ಸುಮ್ನೆ ಡೌನ್‌ಲೋಡ್ ಮಾಡಲು ಬರುವುದಿಲ್ಲ, ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು.