ಅರಿಶಿನ, ಎಣ್ಣೆ, ಟಾರ್ಚು: ಹಳೆ ಮದ್ದಿನ ಸ್ಟೋರು ಖಾಲಿ ಮಾಡುವವರಿಗೆ ತರಬೇತಿ

ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕ ಹುಳಕ್ಕೆ ಬಳಿಯುತ್ತಿದ್ದ ಲಿಂಡೇನ್ ಎಂಬ ಮದ್ದಿನ (ಕೀಟನಾಶಕದ) ಬಳಕೆ 2013ರಲ್ಲಿ ನಿಂತಿತು, ಬಿಎಚ್‌ಸಿ ಪುಡಿ 1997ರಲ್ಲೇ. ಕೊಡಗಿನ ಕೆಲವು ತೋಟಗಳ ಸ್ಟೋರಿನ ಮೂಲೆಯಿಂದ ಮಾತ್ರ ಎರಡೂ ಇನ್ನೂ ಹೊರಬಿದ್ದಿಲ್ಲ. ಅವನ್ನು ತೆಗೆಯುವ ಕೆಲಸದವರಿಗೆ ಅರಿಶಿನದಲ್ಲಿ ಕಲಿಸುತ್ತೇನೆ ಅಂದಾಗ ‘ಇದೇನು ಮದುವೆ ಮನೆಯಾ?’ ಎಂದು ನಕ್ಕ ತೋಟದ ರೈಟರುಗಳೇ (ಕೆಲಸ ನೋಡಿಕೊಳ್ಳುವವರು) ಈಗ ಎಣ್ಣೆ ಬಾಟಲಿ ಕೇಳುತ್ತಿದ್ದಾರೆ. ಪಾಠ ಇಷ್ಟೇ: ಮದ್ದಿನ ಬದಲು ಟಾರ್ಚಿಗೆ ಹೊಳೆಯುವುದನ್ನು ಡಬ್ಬಿಗೆ ಬಳಿದು, ಕೆಲಸ ಮುಗಿದ ಮೇಲೆ ಅದು ಮೈಗೆ ಎಲ್ಲೆಲ್ಲಿ ಅಂಟಿದೆ ಎಂದು ತೋರಿಸುವುದು.

ಮೊದಲು ಬಳಸಿದ್ದು ಸೋಪಿನ ಪುಡಿ ಕಲಸಿದ ನೀರು, ಖೋಟಾ ನೋಟು ಪತ್ತೆಗೆ ಬಳಸುವ ನೇರಳೆ ಟಾರ್ಚು (ಸುಮಾರು 250 ರೂಪಾಯಿ). ಕೆಟ್ಟಿತು. ಒಗೆದ ಅಂಗಿಯಲ್ಲೂ ಸೋಪಿನ ಅದೇ ಹೊಳಪು ಉಳಿದಿರುತ್ತದಲ್ಲ, ಎಲ್ಲರೂ ನೀಲಿಯಾಗಿ ಮಿಂಚಿದರು. ಅರಿಶಿನ ನೀರಿನಲ್ಲಿ ಕರಗದೆ ತಳ ಸೇರಿತು. ಕೊಬ್ಬರಿ ಎಣ್ಣೆ ಕೈಹಿಡಿಯಿತು: 100 ಮಿಲಿಗೆ ಎರಡು ಚಮಚ ಅರಿಶಿನ, ಬೆಚ್ಚಗೆ ಮಾಡಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತೆಗೆಯಬೇಕು. ಟಾರ್ಚಿಗೆ ಹಸಿರು-ಹಳದಿಯಾಗಿ ಉರಿಯುತ್ತದೆ, ಸೋಪಿನ ನೀಲಿಯೊಡನೆ ಬೆರೆಯುವುದಿಲ್ಲ. ಬೇಗ ಜಾರದಿರಲು ಇನ್ನೊಂದು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ಮದ್ದು ಮುಟ್ಟದ ಖಾಲಿ ಡಬ್ಬಿಗಳ ಬುಡದ ಹೊಲಿಗೆಗೆ ಇದನ್ನು ಬಳಿಯಿರಿ. ತುಕ್ಕು ಹಿಡಿದ ಡಬ್ಬಿ ಸೋರುವುದು ಅಲ್ಲೇ. ಅವನ್ನು ನಿಲ್ಲಿಸಿದಂತೆಯೇ 200 ಲೀಟರಿನ ಅಗಲಬಾಯಿ ಪ್ಲಾಸ್ಟಿಕ್ ಡ್ರಮ್ಮಿಗೆ ಇಳಿಸಲಿ. ಆಮೇಲೆ ಕಳಚುವುದು: ಹೊರಗೈಚೀಲ, ಬೂಟು, ಒಳಗನ್ನು ಹೊರಗೆ ಸುರುಳಿ ಸುತ್ತುತ್ತಾ ಮೈಮುಚ್ಚುವ ರಕ್ಷಣಾ ಸೂಟು, ಮಾಸ್ಕು, ಕೊನೆಗೆ ಒಳಗೈಚೀಲ. ಷಟರು ಎಳೆದು ಟಾರ್ಚು ಹಿಡಿಯಿರಿ. ಮಣಿಕಟ್ಟು, ಕಿವಿಯ ಹಿಂದೆ, ಮಾಸ್ಕಿನ ಪಟ್ಟಿ, ಎಲೆಅಡಿಕೆ ಚೀಲ! ಮೊದಲ ಸುತ್ತಿನಲ್ಲಿ ಎಂಟು ಜನರಲ್ಲಿ ಐದಾರು ಜನರ ತುಟಿಯಲ್ಲೇ ಹಳದಿ, ಮೂರನೆಯದಕ್ಕೆ ಒಬ್ಬರೋ ಇಬ್ಬರೋ. ಅಸ್ಸಾಮಿನಿಂದ ಬಂದವರಿಗೆ ಭಾಷಾಂತರವೂ ಬೇಡವಾಯಿತು.

ಅತಿ ಹಠದ ತಪ್ಪು ಜಿಗಣೆಯದು. ಜಿಗಣೆಗೆ ಹೆದರಿ ಪ್ಯಾಂಟನ್ನು ಗಂಬೂಟಿನೊಳಗೆ ತುರುಕಿ ರೂಢಿಯಾದ ಕಾಲುಗಳು, ಸೂಟನ್ನೂ ಹಾಗೇ ತುರುಕುತ್ತವೆ. ಮೇಲಿಂದ ಹರಿದ ಎಣ್ಣೆ ನೇರ ಬೂಟಿನೊಳಗೆ. ಸೂಟು ಬೂಟಿನ ಮೇಲೆ ಬರಬೇಕು. ತೋಳು ಮಾತ್ರ ಕೆಲಸ ನೋಡಿಕೊಂಡು: ಕೈ ಕೆಳಗಿದ್ದರೆ ತೋಳು ಗೈಚೀಲದ ಮೇಲೆ, ಅಟ್ಟದ ಡಬ್ಬಿ ತೆಗೆಯುವಾಗ ಗೈಚೀಲ ತೋಳಿನ ಮೇಲೆ, ಅಂಚು ಮಡಚಿ.

ದುಡ್ಡು ಪೋಲಾದದ್ದು ಎನ್-95ಗೆ, ಎರಡು ಸಾವಿರದಷ್ಟು. ಪುಡಿಗೆ ಸರಿ, ದ್ರವ ಮದ್ದಿನ ಆವಿಗೆ ಏನೂ ಅಲ್ಲ. ದ್ರಾವಕದಂಥ ಸಾವಯವ ಆವಿಯನ್ನು ಹಿಡಿಯುವ ಕಾರ್ಟ್ರಿಜ್ (ಮಾಸ್ಕಿಗೆ ಸಿಕ್ಕಿಸುವ ಸೋಸುಡಬ್ಬಿ), ಮುಂದೆ ಪುಡಿ ಸೋಸುವ ಪದರ, ಅರ್ಧಮುಖದ ಮಾಸ್ಕು ಎಲ್ಲ ಸೇರಿ ತಲೆಗೆ ಮೂರು ಸಾವಿರ. ತೆಳು ಲ್ಯಾಟೆಕ್ಸ್ ಗೈಚೀಲ ದ್ರವ ಮದ್ದಿನಲ್ಲಿರುವ ಜೈಲೀನ್‌ನಂಥ ದ್ರಾವಕಕ್ಕೆ ಮೆತ್ತಗಾಗುತ್ತದೆ. ದಪ್ಪ ನೈಟ್ರೈಲ್ ತನ್ನಿ, ಮದ್ದು ತಾಗಿದೊಡನೆ ಬದಲಿಸಿ.

ಮಾಸ್ಕು ಕೂತಿದೆಯೇ ನೋಡಲು ಬೇಕರಿಯ ಬಾಳೆಹಣ್ಣಿನ ಎಸೆನ್ಸು ಸಾಕು. ಹತ್ತಿಗೆ ನಾಲ್ಕು ಹನಿ ಹಾಕಿ ಮೂಗಿನ ಸುತ್ತ ಆಡಿಸಿ. ವಾಸನೆ ಬಂತೆಂದರೆ ಸೋರಿಕೆ, ಗಡ್ಡ ಇದ್ದರಂತೂ ಬಂದೇ ಬರುತ್ತದೆ. ಎರಡು ನಿಮಿಷ ದಾಟಿದರೆ ಮೂಗು ಒಗ್ಗಿಕೊಂಡು ಸುಳ್ಳು ಹೇಳುತ್ತದೆ.

ಚೆಲ್ಲಿದ್ದನ್ನು ಹೀರಿಸಲು ಕಾಫಿ ಹೊಟ್ಟನ್ನೂ ನೋಡಿದೆ. ಅದು ಹೀರಿಕೊಳ್ಳುವುದಿಲ್ಲ, ಮರದ ಪುಡಿಯೇ ವಾಸಿ. ಬಳಸಿದ ಪುಡಿಯೂ, ಬೂಟು ತೊಳೆದ ನೀರೂ ಡ್ರಮ್ಮಿಗೇ, ಕೆರೆಗಲ್ಲ.

ಬಿಎಚ್‌ಸಿ ಪುಡಿಯನ್ನು ಒಣಗಿದಂತೆ ಗುಡಿಸಬಾರದು, ತುಂತುರು ಹಾಕಬೇಕು. ಅದಕ್ಕೂ ಮುಂಚೆ ಮೂಲೆಗಳಲ್ಲಿ ಧಾನ್ಯದ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇದೆಯೇ ನೋಡಿ. ನೀರು ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಏಳುತ್ತದೆ, ಈ ಕಾರ್ಟ್ರಿಜ್ ಅದನ್ನು ತಡೆಯುವುದಿಲ್ಲ. ಕಂಡರೆ ಸ್ಪ್ರೇಯರ್ ಕೆಳಗಿಟ್ಟು ಎಲ್ಲರೂ ಹೊರಗೆ, ಬಾಗಿಲು ತೆರೆದೇ ಇರಲಿ.