ಲೈಟರಿನ ಕಿಡಿಯಿಂದ ರೇಡಿಯೊ ಅಲೆ: ನಾನು ಮಾಡುವ ಕ್ರಮ

ತಂತಿಯಲ್ಲಿ ಒಂದೇ ಸಮನೆ ಹರಿಯುವ ಕರೆಂಟಿನಿಂದ ಅಲೆ ಹೊರಡುವುದಿಲ್ಲ. ವಿದ್ಯುತ್ ಆವೇಶ (ಚಾರ್ಜ್) ಸುಮ್ಮನೆ ನಿಂತಿದ್ದರೂ ಹೊರಡುವುದಿಲ್ಲ. ಅದರ ವೇಗ ಬದಲಾಗಬೇಕು, ಅದೂ ಥಟ್ಟನೆ. ಇದನ್ನು ತೋರಿಸಲು ಅಲೆ ಎಬ್ಬಿಸುವ ನನ್ನ ದಾರಿ 1887ರಲ್ಲಿ ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್ ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿ ಹಿಡಿದದ್ದೇ. ಕಿಡಿಗೆ ಬೇಕಾದ ಭಾರಿ ವೋಲ್ಟೇಜ್ ಕೊಡಲು ಇಂಡಕ್ಷನ್ ಕಾಯಿಲ್ ಬದಲು ಗ್ಯಾಸ್ ಪೂರ್ತಿ ಮುಗಿದ ಸಿಗರೇಟ್ ಲೈಟರಿನ ಪೀಜೋ (ಒತ್ತಿದರೆ ವೋಲ್ಟೇಜ್ ಹುಟ್ಟಿಸುವ) ತುಂಡು, ಅಷ್ಟೇ.

14 ಗೇಜಿನ ತಾಮ್ರದ ತಂತಿಯಲ್ಲಿ 25 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ, ತುದಿಗಳನ್ನು ಎಮರಿ ಪೇಪರಿನಿಂದ ಉಜ್ಜುತ್ತೇನೆ. ಪಿವಿಸಿ ಕೇಸಿಂಗ್ ಪಟ್ಟಿಯ ಮೇಲೆ ಅವನ್ನು ಒಂದೇ ನೇರಕ್ಕೆ ಕಟ್ಟಿ, ನಡುವೆ 2 ಮಿ.ಮೀ. ಸಂದು ಬಿಡಬೇಕು. ಪೀಜೋದ ವೈರು ಒಂದು ತಂತಿಗೆ, ಅದರ ಲೋಹದ ಬುಡ ಇನ್ನೊಂದಕ್ಕೆ, ಎರಡೂ ಸಂದಿನ ಪಕ್ಕದಲ್ಲೇ. ಒತ್ತಿದಾಗ ತಂತಿಗಳಲ್ಲಿ ಆವೇಶ ತುಂಬುತ್ತದೆ. ಗಾಳಿ ಸೀಳಿ ಕಿಡಿ ಹಾರಿದೊಡನೆ ಆ ಆವೇಶ ಸೆಕೆಂಡಿಗೆ ಸುಮಾರು 30 ಕೋಟಿ ಸಲದ ಲೆಕ್ಕದಲ್ಲಿ ಅತ್ತಿಂದಿತ್ತ ಓಲಾಡಿ, ಕೆಲವೇ ಸುತ್ತಿನಲ್ಲಿ ತಣ್ಣಗಾಗುತ್ತದೆ. ಅಲೆಯುದ್ದ ಹೆಚ್ಚುಕಡಿಮೆ 1 ಮೀಟರ್. ಅಷ್ಟೇ ಆವೇಶ ಅಷ್ಟೇ ದೂರ ಓಲಾಡುತ್ತ ಆವರ್ತ (ಸೆಕೆಂಡಿಗೆ ಎಷ್ಟು ಸಲ ಓಲಾಡುತ್ತದೆ ಎಂಬ ಲೆಕ್ಕ) ಇಮ್ಮಡಿಯಾದರೆ ವೇಗೋತ್ಕರ್ಷ ನಾಲ್ಕು ಪಟ್ಟು, ಹೊಮ್ಮುವ ಶಕ್ತಿ 16 ಪಟ್ಟು. ತಂತಿ ಗಿಡ್ಡವಾಗಿರಲಿ ಎನ್ನುವುದು ಇದಕ್ಕೇ. ಮನೆಯ 50 ಹರ್ಟ್ಸ್ ಕರೆಂಟೂ ಓಲಾಡುತ್ತದೆ, ಆದರೆ ಅದರ ಅಲೆಯುದ್ದ 6000 ಕಿ.ಮೀ.; ಗೋಡೆಯೊಳಗಿನ ವೈರಿನಿಂದ ಹೊರಗೆ ಹೋಗುವುದು ಲೆಕ್ಕಕ್ಕಿಲ್ಲ.

ಕಷ್ಟವಿರುವುದು ಅಲೆಯನ್ನು ಹಿಡಿಯುವುದರಲ್ಲಿ. ಅದಕ್ಕೂ 25 ಸೆಂ.ಮೀ.ನ ಎರಡು ತಂತಿ, ನಡುವೆ ಕೊಹಿರರ್, ಅಂದರೆ ಅಲೆ ತಾಗಿದಾಗ ಕರೆಂಟಿಗೆ ದಾರಿ ಬಿಡುವ ಸ್ವಿಚ್ಚು. ಪಾರದರ್ಶಕ ಪೆನ್ನಿನ ಕೊಳವೆಯ 3 ಸೆಂ.ಮೀ. ತುಂಡಿನಲ್ಲಿ ಉದ್ದಿನಕಾಳಿನಷ್ಟು ದಪ್ಪದ ನಾಲ್ಕೈದು ಅಲ್ಯೂಮಿನಿಯಂ ಫಾಯಿಲ್ ಉಂಡೆ, ಎರಡೂ ಬದಿಗೆ ಸ್ಕ್ರೂ. ಉಂಡೆಗಳ ಮೇಲಿನ ಆಕ್ಸೈಡ್ ಪೊರೆ ಕರೆಂಟನ್ನು ತಡೆದಿರುತ್ತದೆ. ಅಲೆ ತಂದ ವೋಲ್ಟೇಜಿಗೆ ಪೊರೆ ಒಡೆದು ಉಂಡೆಗಳು ಅಂಟಿಕೊಳ್ಳುತ್ತವೆ. ಕೊಹಿರರಿನ ಜೊತೆ ಸರಣಿಯಲ್ಲಿ ಎರಡು ಪೆನ್ ಸೆಲ್, ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್. ರೆಸಿಸ್ಟರ್ ಬಿಟ್ಟರೆ ಉಂಡೆಗಳು ಬೆಸೆದುಕೊಂಡು ತಟ್ಟಿದರೂ ಬಿಡುವುದಿಲ್ಲ. ಸೆಲ್ಲಿನ ಕಡೆ ಹೋಗುವ ಎರಡೂ ವೈರನ್ನು ಪೆನ್ಸಿಲಿಗೆ 12 ಸುತ್ತು ಸುತ್ತಿ ತೆಗೆಯುತ್ತೇನೆ, ಇಲ್ಲದಿದ್ದರೆ ಅಲೆಯ ಕರೆಂಟು ಆ ದಾರಿಯಲ್ಲೇ ಸೋರಿಹೋಗುತ್ತದೆ. ಸ್ಕ್ರೂವನ್ನು ಎಲ್‌ಇಡಿ ಹತ್ತುವವರೆಗೆ ಬಿಗಿಮಾಡಿ, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಬೆರಳಿನಿಂದ ತಟ್ಟಬೇಕು. ಆರಿಯೇ ಇದ್ದರೆ ಸಿದ್ಧ.

1 ಮೀಟರ್ ದೂರದಿಂದ ಒತ್ತಿದರೆ ಎಲ್‌ಇಡಿ ಹತ್ತುತ್ತದೆ. ಇಲ್ಲಿಗೇ ನಿಲ್ಲಿಸಬಾರದು. ಲೈಟರಿನ ‘ಟಕ್’ ಮೇಜಿನ ಮೂಲಕ ಉಂಡೆಗಳನ್ನು ಅಲುಗಿಸಿದರೂ ಅದು ಹತ್ತೀತು! ಹಾಗಾಗಿ ಎರಡನ್ನೂ ಬೇರೆ ಬೇರೆ ಮೇಜಿನ ಮೇಲಿಟ್ಟು, ಕಿಡಿಯ ಸಂದಿಗೆ ತಂತಿಯ ಚೂರು ಸೇರಿಸಿ ಹತ್ತು ಸಲ ಒತ್ತಿ ನೋಡುತ್ತೇನೆ. ಸದ್ದು ಅದೇ, ಕಿಡಿ ಇಲ್ಲ, ಹತ್ತಬಾರದು. ಆಮೇಲೆ ಚೂರು ತೆಗೆದು, ಸಂದನ್ನು ಕಿಡಿ ಹಾರದಷ್ಟು ಅಗಲಿಸಿ ಒತ್ತುತ್ತೇನೆ. ಈಗ ಆವೇಶ ತುಂಬಿದೆ, ವೋಲ್ಟೇಜೂ ಇದೆ, ಥಟ್ಟನೆ ನುಗ್ಗುವುದು ಮಾತ್ರ ಇಲ್ಲ. ಆಗಲೂ ಹತ್ತಬಾರದು. ಹತ್ತಿದರೆ ದೀಪ ಆರಿಸಿ ನೋಡಿ: ಪೀಜೋದ ಮೈಮೇಲೆಯೇ ಸಣ್ಣ ಕಿಡಿ ಹರಿಯುತ್ತಿರುತ್ತದೆ.

ತೀರಾ ಹತ್ತಿರ ಇಟ್ಟು ಅಲೆ ಸಿಕ್ಕಿತೆಂದು ಹೇಳಲಾಗದು. ಸುಮಾರು 16 ಸೆಂ.ಮೀ. ಒಳಗೆ ತಂತಿಗೆ ಅಂಟಿಕೊಂಡಿರುವ, ಅಲೆಯಾಗಿ ಹೊರಡದ ವಿದ್ಯುತ್ ಕ್ಷೇತ್ರದ್ದೇ ಮೇಲುಗೈ, ಅದು ದೂರ ಹೋದಂತೆ ಬೇಗ ಕುಗ್ಗುತ್ತದೆ. ಅರ್ಧ ಮೀಟರಿನಾಚೆಗೆ ಹೊರಟ ಅಲೆಯದೇ ಕೆಲಸ.

ಕೊನೆಯದಾಗಿ ಹಿಡಿಯುವ ತಂತಿಯನ್ನು ಕಳಿಸುವ ತಂತಿಗೆ ಅಡ್ಡವಾಗಿ, 90 ಡಿಗ್ರಿ ತಿರುಗಿಸಿ. ಎಲ್‌ಇಡಿ ಆರಿಯೇ ಇರಬೇಕು. ಕಳಿಸುವ ತಂತಿಯ ತುದಿಯನ್ನೇ ಹಿಡಿಯುವ ಕಡೆಗೆ ಮುಖಮಾಡಿದರೂ ಹಾಗೆಯೇ, ಏಕೆಂದರೆ ಆವೇಶ ಓಲಾಡುವ ನೇರದಲ್ಲಿ ಅಲೆ ಹೊರಡುವುದಿಲ್ಲ. ಕೋಣೆಯಲ್ಲಿ ಈ ಎರಡು ಪರೀಕ್ಷೆ ಕೆಲವೊಮ್ಮೆ ಕೈಕೊಡುತ್ತವೆ. ಕಬ್ಬಿಣದ ಬೀರು, ಕಿಟಕಿಯ ಸರಳು ಅಲೆಯನ್ನು ತಿರುಗಿಸಿ ಕಳಿಸುತ್ತವೆ. ತಾರಸಿಗೆ ಒಯ್ದು ಮಾಡಿದರೆ ಸರಿಬರುತ್ತದೆ.